ಜೀಪಿನ ಹಿಂದೆ ಚೆಲ್ಲಿದ ಹಾಲು

ಚಹಾಕ್ಕೆ ಉಪ್ಪು ಹಾಕಿಕೊಂಡು ಕುಡಿಯುವವಳನ್ನು ಮನೆಯಲ್ಲಿ ಇಟ್ಟುಕೊಂಡರೆ ಹೊಟ್ಟೆ ತೊಳೆಸದೆ ಇನ್ನೇನಾದೀತು? ಅವಳ ಹೆಸರು ಓಯುನ, ಮಂಗೋಲಿಯಾದವಳು, ಮೂವತ್ತು ದಾಟಿದವಳು. ಗಜೇಂದ್ರಗಡದ ನೇಕಾರ ಹೆಂಗಸರಿಗೆ ಹೊಸ ನಮೂನೆಯ ಚೀಲ ನೇಯುವುದನ್ನು ಕಲಿಸಲಿಕ್ಕೆ ಅಂತ ಎರಡು ಸಾವಿರದ ಆರರಲ್ಲಿ ಸ್ವಯಂಸೇವಕಿಯಾಗಿ ಬಂದಳು. ನೇಕಾರರ ಸಂಘದವರು ಆರು ತಿಂಗಳ ಮಟ್ಟಿಗೆ ಅವಳನ್ನು ನಮ್ಮ ಹಿಂದಿನ ಖೋಲಿಯಲ್ಲಿ ಇರಿಸಿದರು. ನನ್ನ ಗಂಡ ಮುದಿಯಪ್ಪ ನನ್ನನ್ನು ಒಂದು ಮಾತು ಕೇಳದೆ ಹೂಂ ಅಂದಿದ್ದ. ಅನುಭವಿಸಿದವಳು ಈ ವೀರವ್ವ.

ಎಮ್ಮೆ ಹಾಲಿನ ಚಹಾಕ್ಕೆ ಉಪ್ಪು, ಮೇಲೊಂದು ಚಮಚ ಬೆಣ್ಣೆ. ಅದರೊಳಗೆ ಜೋಳದ ರೊಟ್ಟಿ ಮುರಿದು ಹಾಕಿಕೊಂಡು ಸೊರ ಸೊರ ಕುಡಿಯುವಳು. ಊರಿಂದ ತಂದ ಚೀಲದಲ್ಲಿ ಒಣಗಿಸಿದ ಮೊಸರಿನ ತುಂಡುಗಳಿದ್ದವು. ಕಲ್ಲಿನಷ್ಟು ಗಟ್ಟಿ, ಹೋತದ ವಾಸನೆ. ಪ್ರೀತಿಯಿಂದ ನನಗೂ ಒಂದು ಕೊಟ್ಟಳು. ಬಾಯಿಗಿಟ್ಟವಳು ಬಚ್ಚಲಿಗೆ ಓಡಿದೆ. ಹಿಂದಿನಿಂದ "ಚಲೋ?" ಅಂತ ಕೇಳಿದಳು, ಪುಣ್ಯಾತ್ಗಿತ್ತಿ! ಮಾಂಸ ನಮ್ಮಲ್ಲಿ ನಡೆಯುವುದಿಲ್ಲ. ಅದಕ್ಕೆ ರವಿವಾರಕ್ಕೊಮ್ಮೆ ಹಿಂದಿನ ಓಣಿಯ ಹಸನಬಿಯ ಮನೆಗೆ ಹೋಗಿ ಉಂಡು ಬರುವಳು. ಅವತ್ತು ನಾನು ಅವಳ ಹತ್ತಿರವೂ ಸುಳಿಯುತ್ತಿರಲಿಲ್ಲ.

ಇದನ್ನೆಲ್ಲ ನುಂಗಿಕೊಂಡೆ. ಆದರೆ ಹೆರಿಗೆಗೆ ಬಂದ ನನ್ನ ಮಗಳು ನೀಲಾಳನ್ನು ದಿನಾ ಬೆಳಿಗ್ಗೆ ಮೂಸುವುದೇ? ಕೆನ್ನೆಗೆ ಮೂಗು ಹಚ್ಚಿ, ಆಕಳು ಕರುವನ್ನು ಮೂಸಿದ ಹಾಗೆ! ಛೀ ಅಂದರೆ ನೀಲಾ ನಗುವಳು.

"ಅವರ ಕಡೆ ಮುದ್ದ ಮಾಡೂದು ಹಂಗಬೇ ಯವ್ವಾ."

ನೀಲಾ ಪಿಯುಸಿ ಓದಿದವಳು. ಇಬ್ಬರೂ ಮಗ್ಗದ ಹತ್ತಿರ ಕೂತು ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆಯಲ್ಲಿ ತಾಸುಗಟ್ಟಲೆ ಮಾತಾಡುವರು. ನನಗೆ ಮಾತು ಬೇಡವಾಗಿತ್ತು. ಮಗಳಿಗೆ ಮೊದಲಿನ ಎರಡು ಬಸಿರು ಹೋಗಿದ್ದವು. ಇದಾದರೂ ಉಳಿಯಲಿ ಅಂತ ಜೀವ ಕೈಯಲ್ಲಿ ಹಿಡಿದುಕೊಂಡು ಓಡಾಡುತ್ತಿದ್ದೆ. ದೃಷ್ಟಿ ತಾಕೀತೆಂದು ನೀಲಾಳ ಮುಂದೆ ಒಂದು ಒಳ್ಳೆಯ ಮಾತನ್ನೂ ಆಡಿರಲಿಲ್ಲ.

ಶ್ರಾವಣದ ಒಂದು ಮುಂಜಾನೆ ನೀಲಾಗೆ ನೋವು ಶುರುವಾಯಿತು. ಗದಗಿನ ದವಾಖಾನೆಗೆ ಹೋಗಲು ಜೀಪು ಬಂತು. ಮುದಿಯಪ್ಪ ಅವಳನ್ನು ಹತ್ತಿಸಿಕೊಂಡ. ನಾನು ಬಟ್ಟೆಯ ಗಂಟು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಜೀಪು ಓಣಿಯ ತುದಿಯಲ್ಲಿ ತಿರುಗಿ ನಿಂತಿತ್ತು. ನೋಡುತ್ತೇನೆ, ಅಂಗಳದಲ್ಲಿ ಓಯುನ ಪಾತೇಲಿ ಹಿಡಿದುಕೊಂಡು, ಸೌಟಿನಿಂದ ಹಾಲು ತೆಗೆದು ತೆಗೆದು ಜೀಪಿನ ಕಡೆಗೆ ಚೆಲ್ಲುತ್ತಿದ್ದಾಳೆ. ಬಾಯಲ್ಲಿ ಏನೋ ಗುಣಗುಣ ಬೇರೆ.

ನಮ್ಮಲ್ಲಿ ಹಾಗೆ ಹಾಲು ಬಿಡುವುದು ಸತ್ತವರಿಗೆ. ಮಣ್ಣು ಮಾಡಿದ ಮೂರನೆಯ ದಿನ, ಗೋರಿಯ ಮೇಲೆ. ನನ್ನ ಮಗಳು ಇನ್ನೂ ಓಣಿ ದಾಟಿರಲಿಲ್ಲ!

ಪಾತೇಲಿಗೆ ಕೈ ಬೀಸಿ ಹೊಡೆದೆ. ಅದು ಉರುಳಿ ಗಟಾರಕ್ಕೆ ಬಿತ್ತು.

"ಜೀವ ಇರೂತ್ಲೇ ನನ್ನ ಮಗಳಿಗೆ ಹಾಲ ಬಿಡ್ತೀಯೇನ, ಹಲ್ಕಟ್? ಈ ಕೈಲೇ ಆಕೀನ ಕೊಲ್ಲಾಕತ್ತೀ ನೀ! ನಾ ತಿರುಗಿ ಬರೂದ್ರಾಗ ಈ ಮನ್ಯಾಗ ಇರಬ್ಯಾಡ!"

ಓಣಿಯ ಹೆಂಗಸರೆಲ್ಲ ಹೊರಗೆ ಬಂದರು. ಓಯುನಳಿಗೆ ಮಾತು ಎಷ್ಟು ತಿಳಿಯಿತೋ, ನಾನು ಅವಳ ಬಲಗೈಯನ್ನು ತೋರಿಸಿ ತೋರಿಸಿ ಬೈದದ್ದಂತೂ ತಿಳಿಯಿತು. ಅವಳ ಮೋರೆ ನೋಡಲಿಕ್ಕೂ ಹೇಸಿ ನಾನು ಜೀಪು ಹತ್ತಿದೆ.

ಸಂಜೆ ಐದಕ್ಕೆ ನೀಲಾ ಹೆಣ್ಣು ಹಡೆದಳು. ತಾಯಿ, ಕೂಸು ಇಬ್ಬರೂ ಆರಾಮ. ನನ್ನ ನಾಲಿಗೆ ಸುಮ್ಮನಿರಬೇಕಲ್ಲ, ಆ ಅನಿಷ್ಟವನ್ನು ಹೆಂಗೆ ಓಡಿಸಿದೆ ಅಂತ ದೊಡ್ಡದಾಗಿ ಹೇಳಿದೆ. ನೀಲಾ ಮೋರೆ ಗೋಡೆಯ ಕಡೆ ತಿರುಗಿಸಿದಳು.

"ನಾನ ಹೇಳಿದ್ನಿ ಆಕೀಗೆ ಹಾಲ ಚೆಲ್ಲಂತ. ಅವರ ಊರಾಗ, ಹೋದಾವ್ರು ಚಲೋತ್ನ್ಯಾಗ ತಿರುಗಿ ಬರ್ಲಿ ಅಂತ ತಾಯಿ ಹಂಗ ಚೆಲ್ತಾಳಂತ. ನನಗ ಭಾಳ ಅಂಜಿಕಿ ಆಗಿತ್ತಬೇ. ನೀ ನೋಡಿದ್ರ ಬಾಯಿ ಬಿಡವಲ್ಲಿ."

ಉಪ್ಪಿನ ಚಹಾಕ್ಕೆ, ಮೊಸರಿನ ಕಲ್ಲಿಗೆ ಬಂದ ಓಕರಿಕೆ ಏನೂ ಅಲ್ಲ. ಅವತ್ತು ನನಗೆ ನನ್ನ ಮೇಲೇ ಹೇಸಿಕೆ ಬಂತು.

ಮರುದಿನ ಮೊದಲನೇ ಬಸ್ಸಿಗೆ ಊರಿಗೆ ಬಂದೆ. ಓಯುನ ಹಿಂದಿನ ಖೋಲಿಯನ್ನು ಗುಡಿಸಿ ಖಾಲಿ ಮಾಡಿ ಹೋಗಿದ್ದಳು. ಹಸನಬಿಯ ಮನೆಗೆ ಓಡಿದೆ. ಹಸನಬಿ ಬಜಾರಕ್ಕೆ ಹೋಗಿದ್ದಳು. ಓಯುನ ಒಬ್ಬಳೇ ಕಟ್ಟೆಯ ಮೇಲೆ ಚೀಲದ ಪಕ್ಕ ಕೂತಿದ್ದಳು. ನನ್ನನ್ನು ಕಂಡವಳೇ ಎದ್ದು ಬಂದಳು.

"ನೀಲಾ?"

ಬೇರೆ ಏನೂ ಕೇಳಲಿಲ್ಲ. ಹೇಳಬೇಕಾದ್ದು ಬಾಯಲ್ಲೇ ಇತ್ತು. ಆದರೆ ಅವಳ ಕಣ್ಣಿಗೆ ಕಣ್ಣು ಕೊಡಲಾಗದೆ ತಲೆ ತಗ್ಗಿಸಿದೆ, ದುಃಖ ಒತ್ತರಿಸಿ ಬಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅವಳು ನನ್ನ ಅಳುವನ್ನು ನೋಡಿದಳು. ಆಮೇಲೆ ತನ್ನ ಬಲಗೈಯನ್ನು ನೋಡಿಕೊಂಡಳು. ನೋಡನೋಡುತ್ತಲೇ ಆ ಕೈಯನ್ನು ಗೋಡೆಗೆ ಬಡಿಯತೊಡಗಿದಳು.

"ಇಲ್ಲವ್ವಾ, ಇಲ್ಲಾ! ಬದುಕ್ಯಾಳ! ಇಬ್ರೂ ಬದುಕ್ಯಾರ!" ಅಂತ ಚೀರಿ ಅವಳ ಕೈ ಹಿಡಿದುಕೊಂಡೆ. ಗೆಣ್ಣುಗಳೆಲ್ಲ ಸುಲಿದು ರಕ್ತ ಬಂದಿತ್ತು.