ತೆಂಕಕ್ಕೆ ಎರಡು ಸೈಕಲ್

ಸೈಕಲ್ಲಿನಲ್ಲಿ ಹೋಗೋಣ ಅಂದದ್ದು ನಾನೇ. ಕುಂದಾಪುರದ ಕೋಡಿಯಲ್ಲಿರುವ ನಮ್ಮ ಮನೆಯಿಂದ ದಕ್ಷಿಣಕ್ಕೆ ಹೊರಟು, ಬೀಜಾಡಿ, ಕೋಟ ಪಡುಕೆರೆ ದಾಟಿ, ಬ್ರಹ್ಮಾವರದ ಕಡೆಯ ಕೋಡಿ ಕನ್ಯಾನದವರೆಗೆ. ಕಾರಿನಲ್ಲಿ ಕೂತರೆ ಮರಳು ಕಾಣುವುದಿಲ್ಲ, ಅಷ್ಟು ದೂರ ನಡೆಯಲು ಕಾಲು ಕೇಳುವುದಿಲ್ಲ. ಸೈಕಲ್ಲಾದರೆ ಕಡಲ ಬದಿಯ ರಸ್ತೆಯಲ್ಲಿ ಹೋಗಿ, ಬೇಕಾದಲ್ಲಿ ನಿಲ್ಲಿಸಿ, ಇಳಿದು ನೋಡಬಹುದು. ರಾತ್ರಿ ಪಡುಕೆರೆಯ ಗೋದಾವರಿ ಚಿಕ್ಕಮ್ಮನ ಮನೆಯಲ್ಲಿ ಉಳಿದು ಮರುದಿನ ವಾಪಸು.

ನೋಡಬೇಕಾದದ್ದು ನನ್ನ ತಮ್ಮ ಜಿತೇಂದ್ರನನ್ನು. ಗಂಗೊಳ್ಳಿ ಅಳಿವೆಯಲ್ಲಿ, ಹೊಳೆ ಕಡಲಿಗೆ ಸೇರುವ ಜಾಗದಲ್ಲಿ, ಅವನಿದ್ದ ದೋಣಿ ಮಗುಚಿ ವಾರ ಕಳೆದಿತ್ತು. ಉಳಿದವರೆಲ್ಲ ಈಜಿ ದಡ ಸೇರಿದರು. ಅವನೊಬ್ಬ ಸಿಗಲಿಲ್ಲ. ಹುಡುಕಲು ಬಂದವರೂ ಹುಡುಕಿ ಹುಡುಕಿ ಸುಸ್ತಾಗಿ ಹೋದರು.

ಹೆಣ ಕಂಡ ಮೇಲೆಯೇ ಸೂತಕ ಎನ್ನುವುದು ನಮ್ಮ ಕೇರಿಯ ಪದ್ಧತಿ. ಹಾಗಾಗಿ ನಮ್ಮ ಮನೆಯಲ್ಲಿ ಯಾರೂ ಸತ್ತಿಲ್ಲ. ಅವನ ಹೆಂಡತಿ ಸರಸ ದಿನಾ ತಲೆ ಬಾಚಿ ಕುಂಕುಮ ಇಡುತ್ತಾಳೆ, ಗಂಜಿ ಬೇಯಿಸುತ್ತಾಳೆ. ಬಂದವರು ಅಳಬೇಕೋ ಬೇಡವೋ ತಿಳಿಯದೆ ಚಾ ಕುಡಿದು ಎದ್ದು ಹೋಗುತ್ತಾರೆ. ನನಗಂತೂ ಈ ನಾಟಕ ಸಾಕುಸಾಕಾಗಿತ್ತು. ತಮ್ಮನಿಗಾಗಿ ಒಮ್ಮೆ ಬಾಯಿಬಿಟ್ಟು ಅಳಬೇಕಿತ್ತು, ಅದಕ್ಕೆ ಅವನು ಸಿಗಬೇಕಿತ್ತು.

ನನ್ನ ಜತೆ ಹೊರಟ ಸರಸ ಉತ್ತರಕ್ಕೆ, ಬೈಂದೂರಿನ ಕಡೆಗೇ ಹೋಗಬೇಕೆಂದು ಹಟ ಹಿಡಿದಳು. ಆ ಕಡೆ ಉಪ್ಪುಂದದಲ್ಲಿ ಅವಳ ತವರು.

"ಮಳಿಗಾಲ್ದಗೆ ನೀರ್ ತೆಂಕಕ್ಕೆ ಎಳಿತ್ ಮರಾಯ್ತಿ. ಬಡಗಿಗ್ ಹೋಯಿ ಎಂತ ಕಾಂಬುದ್?" ಎಂದೆ. ಅದೇ ದೋಣಿಯಲ್ಲಿದ್ದು ಬದುಕಿ ಬಂದ ಕಿಟ್ಟ ಜಗಲಿಯಲ್ಲಿ ಕೂತಿದ್ದ. ಹೌದೆಂದು ಅವನೂ ತಲೆಯಾಡಿಸಿದ.

"ನೀರ್ ತೆಂಕಕ್ಕೆ ಹೋತ್," ಅಂದಳು ಸರಸ. "ಈಜುವರ್ ಬೇಕಾದ್ ಬದಿಗ್ ಹೋತ್ರ್."

ಕಿಟ್ಟ ಎದ್ದು ಅಂಗಳಕ್ಕೆ ಹೋದ. ನಾನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಯಾವತ್ತೂ ನಾನು ಹೇಳಿದ್ದೇ ನಡೆಯಬೇಕು ಎನ್ನುವ ಜಾತಿ ನನ್ನದು. ತೆಂಕಕ್ಕೇ ಎಂದು ತೀರ್ಮಾನ ಮಾಡಿಬಿಟ್ಟೆ. ಅವಳು ಮತ್ತೆ ವಾದಿಸಲಿಲ್ಲ.

ಬೆಳಿಗ್ಗೆ ಬೇಗ ಹೊರಡಲೆಂದು, ಸಂಜೆ ಮಳೆ ಬಿಟ್ಟಾಗಲೇ ಗಂಟುಮೂಟೆ ಕಟ್ಟಲು ಕೂತೆವು. ನನ್ನ ಚೀಲದ ತಳಕ್ಕೆ ಒಂದು ಹೊಸ ಬಿಳಿ ಬಟ್ಟೆ ಹಾಕಿದೆ, ಸಿಕ್ಕರೆ ಅವನನ್ನು ಮುಚ್ಚಲಿಕ್ಕೆ. ಸರಸನಿಗೆ ಕಾಣದ ಹಾಗೆ ಮೇಲೆ ಟವೆಲು ಇಟ್ಟೆ. ಅವಳು ತನ್ನ ಚೀಲಕ್ಕೆ ಅವನ ನೀಲಿ ಶರ್ಟು ಮತ್ತು ಲುಂಗಿ ಮಡಚಿ ಇಟ್ಟಳು. ಚಪ್ಪಲಿಯನ್ನು ಪೇಪರಿನಲ್ಲಿ ಸುತ್ತಿದಳು. ಆಮೇಲೆ ಬಚ್ಚಲಿನಿಂದ ಅವನ ಹಲ್ಲುಜ್ಜುವ ಬ್ರಶ್ ತಂದಳು.

"ಬ್ರಶ್ ಎಂತಕ್ಕೆ?"

"ವಾರ ಆಯ್ತಲೆ ಅತ್ಗೆ. ಬಾಯೆಲ್ಲ ಉಪ್ಪ್ ಆಯಿರತ್."

ಬೈಯಲು ಬಾಯಿ ತೆರೆದೆ. ಹಾಗೇ ಮುಚ್ಚಿ, ನನ್ನ ಚೀಲದ ಬಾಯಿ ಬಿಗಿದೆ.

ಅವಳಿಗೆ ಜಿತೇಂದ್ರನ ಸೈಕಲ್, ನನಗೆ ಮಗಳು ಶಾಲೆಗೆ ಹೋಗುವ ಸೈಕಲ್. ಅವನದ್ದಕ್ಕೆ ಮೀನಿನ ಬುಟ್ಟಿ ಹೇರುವಂಥ ದೊಡ್ಡ ಕ್ಯಾರಿಯರ್ ಇದೆ. ಎರಡೂ ಚೀಲ, ನೀರಿನ ಬಾಟಲಿ, ರೈನ್‌ಕೋಟು ಎಲ್ಲವನ್ನೂ ಅದಕ್ಕೇ ಹೇರಿ ಹಗ್ಗ ಬಿಗಿದೆ. ಸರಸ ಒಳಗಿಂದ ಓಡಿಬಂದು ಗಂಟು ಬಿಚ್ಚತೊಡಗಿದಳು.

"ಇದ್ಕೆ ಎಂತದೂ ಕಟ್ಬೇಡಿ ಅತ್ಗೆ. ಎಲ್ಲ ನಿಮ್ ಸೈಕಲ್ಲಿಗೇ ಇರ್ಲಿ."

"ಆ ಸಣ್ಣ ಸೈಕಲ್ಲಿಗ್ ಇಷ್ಟೆಲ್ಲ ಹಿಡಿತಾ?"

"ಮತ್ತೆ ವಾಪಸ್ ಬಪ್ಪತಿಗೆ ಅವ್ರ್ ಕೂಕಂಬುದ್ ಎಲ್ಲಿ?"

ಎಲ್ಲವನ್ನೂ ಇಳಿಸಿ ನನ್ನ ಸೈಕಲ್ಲಿಗೆ ಕಟ್ಟಿದೆ. ಕೆಳಗೆ ನನ್ನ ಚೀಲ, ಅದರ ಮೇಲೆ ಅವಳದ್ದು. ಸರಸ ಜಿತೇಂದ್ರನ ಸೈಕಲ್ಲಿನ ಒದ್ದೆಯಾಗಿದ್ದ ಕ್ಯಾರಿಯರನ್ನು ಸೆರಗಿನಿಂದ ಒರೆಸಿದಳು. ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ಗಾಳಿ ಕಡ್ಮಿ ಇತ್ತ್, ಅತ್ಗೆ. ಇಬ್ರ್ ಆತ್ತಲೆ, ಗಟ್ಟಿ ಹಾಕಿ."

ನನಗೆ ಅಳು ಉಕ್ಕಿ ಬಂತು. ನಮ್ಮ ಮನೆಯಲ್ಲಿ ಇನ್ನೂ ಅಳುವ ಹಾಗಿರಲಿಲ್ಲ. ಪಂಪು ತಂದು, ಅವಳು ಸಾಕು ಎನ್ನುವವರೆಗೆ ಗಾಳಿ ಹಾಕಿದೆ.