ಕಳ್ಳೋ, ಕಲ್ಲೋ?

ನಾನು ಕುಮಟೆಯಿಂದ ಹೊನ್ನಾವರಕ್ಕೆ ಸೊಸೆಯಾಗಿ ಬಂದದ್ದು ಎಪ್ಪತ್ತಾರರಲ್ಲಿ. ಅತ್ತೆ ಬಂಗಾರಿಯ ಬಾಯಲ್ಲಿ ಸದಾ ಎಲೆಯಡಿಕೆಯ ಕವಳ. ಒಂದು ಸಂಜೆ ನಾನು ಇಡ್ಲಿ ಹಿಟ್ಟು ರುಬ್ಬಿಟ್ಟಾಗ ಜಗಿಯುತ್ತಲೇ ಅಂದಳು: "ಹಿಟ್ಟು ಉಬ್ಲಿ, ಕಳ್ಳು ಹಾಕೇ." ನನಗೆ ಕೇಳಿಸಿದ್ದು ಕಲ್ಲು. ಉಬ್ಬಬೇಕಾದ್ದಕ್ಕೆ ಕಲ್ಲೇಕೆ ಎಂದು ಕೇಳುವ ಧೈರ್ಯ ಹೊಸ ಸೊಸೆಗೆ ಎಲ್ಲಿಂದ ಬರಬೇಕು? ಮಡಕೆಯ ಮುಚ್ಚಳದ ಮೇಲೆ ಚಟ್ನಿ ಅರೆಯುವ ಗುಂಡುಕಲ್ಲು ಹೇರಿದೆ.

ಬೆಳಿಗ್ಗೆ ನೋಡಿದರೆ ಅತ್ತೆ ಹಿಟ್ಟಿಗೆಂದೇ ತರಿಸಿಟ್ಟ ಕಳ್ಳಿನ ಬಾಟಲಿ ತುಂಬಿದ ಹಾಗೇ ಇತ್ತು. ಹಿಟ್ಟು ಮಾತ್ರ ಉಬ್ಬಿ, ಕಲ್ಲನ್ನೇ ಓರೆ ಮಾಡಿ, ಮಡಕೆಯ ಮೈಮೇಲೆ ಇಳಿಯುತ್ತಿತ್ತು. ಅತ್ತೆ ಕವಳ ಉಗಿದು ಬಂದು ಬಿದ್ದು ಬಿದ್ದು ನಕ್ಕಳು. "ಮಡಕೆ ಮೈಯಲ್ಲೇ ಹಳೇ ಕಳ್ಳಿನ ಹುಳಿ ಅದೆ. ಕಲ್ಲು ಹೇರಿದ್ರೆ ಅದು ಸಾಯೂದಿಲ್ಲ."

ಆ ಹುಳಿಯೊಳಗಿನ ಜೀವಕ್ಕೆ ಯೀಸ್ಟ್ ಅನ್ನುತ್ತಾರೆ, ಎಷ್ಟು ಒತ್ತಿದರೂ ತಡೆದುಕೊಳ್ಳುತ್ತದೆ ಎಂದು ಕಾಲೇಜಿಗೆ ಹೋದ ಮಗ ಮುಂದೆ ಹೇಳಿದ. ಅದನ್ನು ಹೇಳಿ ನಗಿಸಲು ಅತ್ತೆ ಇರಲಿಲ್ಲ.

ಈಗ ನನ್ನ ಬಾಯಲ್ಲೂ ಕವಳ. ನಿನ್ನೆ ಹಿಟ್ಟು ರುಬ್ಬಿಟ್ಟ ಸೊಸೆಗೆ ನಾನು ಹೇಳಿದ್ದು ಸರಿಯಾಗಿ ಕೇಳಿಸಲಿಲ್ಲ.

"ಎಂತ ಹಾಕೂದು ಅತ್ತೆ? ಕಳ್ಳೋ, ಕಲ್ಲೋ?"

"ಎರಡೂ ಹಾಕೇ," ಎಂದೆ.