ಶೂಗೆ ಹಾಕಿದ ಫಿಟ್ಟಿಂಗ್

ಆ ಮನೆಯ ಇಬ್ಬರು ಸೊಸೆಯರು ಹೊಸ್ತಿಲ ಒಳಗೆ ಎಣ್ಣೆ ಸೀಗೆಕಾಯಿ. ಹಿರಿಯವಳು ಟೈಲರ್, ಕಿರಿಯವಳು ಸಿಟಿ ಬಸ್ಸಿನ ಡ್ರೈವರ್. ತಳ ಹತ್ತಿದ ಕುಕ್ಕರನ್ನು ನೆನೆಹಾಕದೆ ಬಿಟ್ಟವರು ಯಾರು, ಒದ್ದೆ ಟವೆಲನ್ನು ಬಾಗಿಲ ಮೇಲೆ ಎಸೆದವರು ಯಾರು ಎಂದು ಶುರುವಾಯಿತೆಂದರೆ, ಅತ್ತೆ ಕಿವಿಯ ಮಶೀನು ತೆಗೆದು ಮೇಜಿನ ಮೇಲಿಟ್ಟು ಹಾಯಾಗಿ ಕೂರುತ್ತಿದ್ದರು. ಗಂಡಂದಿರಿಬ್ಬರಿಗೂ ಆ ಸೌಲಭ್ಯ ಇರಲಿಲ್ಲ, ಪಾಪ.

ಆದರೆ ಬೆಳಗ್ಗೆ ಕೆರೆಯ ಸುತ್ತ ಓಡಲು ಹೊರಟಾಗ ಅವರೇ ಬೇರೆ. ಬಸ್ಸಿನಲ್ಲಿ ಗೊರಕೆ ಹೊಡೆಯುತ್ತಾ ಡಿಪೋವರೆಗೂ ಬಂದುಬಿಟ್ಟ ಪ್ರಯಾಣಿಕನ ಕಥೆಯನ್ನು ಕಿರಿಯವಳು ಹೇಳುವಳು. ಅಳತೆಪಟ್ಟಿ ಸೊಂಟಕ್ಕೆ ಬಂದೊಡನೆ ಉಸಿರು ಬಿಗಿಹಿಡಿಯುವ ಗಿರಾಕಿಯನ್ನು ಹಿರಿಯವಳು ನಟಿಸಿ ತೋರಿಸುವಳು. ಓಟಕ್ಕಿಂತ ನಗುವೇ ಹೆಚ್ಚು. ಹಿರಿಯವಳಿಗೆ ದಿನವಿಡೀ ಕಾಯುವಂಥದ್ದು ಅಂತ ಇದ್ದದ್ದು ಆ ಒಂದು ಹೊತ್ತು ಮಾತ್ರ. ಹಾಗಂತ ಓರಗಿತ್ತಿಯ ಮುಂದೆ ಬಾಯಿಬಿಟ್ಟು ಹೇಳುವ ಪೈಕಿಯಲ್ಲ ಅವಳು.

ಅವಳ ಹಳೆಯ ಶೂ ಬಾಯಿ ತೆರೆದಾಗ ಕಿರಿಯವಳೇ ಹೊಸ ಜೊತೆ ತಂದುಕೊಟ್ಟಳು. ಹಾಕಿ ನೋಡಿದರೆ ಬೆರಳ ಮುಂದೆ, ಪಕ್ಕದಲ್ಲಿ, ಎಲ್ಲ ಕಡೆ ಜಾಗ. ನನ್ನ ಕಾಲು ಇವಳಿಗೆ ಅಷ್ಟು ದೊಡ್ಡದಾಗಿ ಕಂಡಿತಾ ಎಂದು ಟೈಲರಮ್ಮನ ಮುಖ ಊದಿತು. ಕೊಟ್ಟವಳ ಎದುರು ಮಾತ್ರ ಹಲ್ಲು ಕಿರಿದು, ಮರುದಿನ ಬೆಳಗ್ಗೆ ಎದ್ದ ಕೂಡಲೇ ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಕೂತು, ಎಡಗಾಲನ್ನು ಅಳೆದು, ಎರಡೂ ಶೂಗಳ ಪಕ್ಕದ ಬಟ್ಟೆಯನ್ನು ಒಳಗೆ ಮಡಚಿ ಅದೇ ಬಣ್ಣದ ದಾರದಲ್ಲಿ ಹೊಲಿದಳು. ಸಡಿಲವಾದದ್ದು ಅವಳ ಕೈಗೆ ಸಿಕ್ಕಿ ಸಡಿಲವಾಗಿಯೇ ಉಳಿಯುವುದುಂಟೇ? ಕೈಗವಸಿನ ಹಾಗೆ ಕೂತಿತು. ಹೆಮ್ಮೆಯಾಯಿತು.

ಅದಾದ ಮೇಲೆ ಬಲಗಾಲಿಗೆ ಜೋಮು ಹಿಡಿಯತೊಡಗಿತು. ಕೆರೆಯ ತೂಬು ದಾಟುವಷ್ಟರಲ್ಲಿ ಬೆರಳುಗಳು ಜುಮುಜುಮು ಎನ್ನುವವು, ಸೇತುವೆಯ ಹತ್ತಿರ ಬರುವಾಗ ಪಾದ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಡಾಕ್ಟರ್ ಸಕ್ಕರೆ ನೋಡಿದರು, ನರ ನೋಡಿದರು, ಸೂಜಿಯಲ್ಲಿ ಚುಚ್ಚಿ ನೋಡಿದರು. ಎಲ್ಲ ಸರಿ. ಆಮೇಲೆ ಕೇಳಿದರು:

"ಶೂ ಬಿಗಿ ಇದೆಯಾ?"

"ಬಿಗಿ ಎಲ್ಲಿ ಬಂತು ಡಾಕ್ಟ್ರೇ, ಪಕ್ಕಾ ಅಳತೆಗೆ ಇದೆ" ಎಂದಳು ಕಸುಬಿನ ಗತ್ತಿನಲ್ಲಿ. ತಾನು ಹೊಲಿದದ್ದರ ಮೇಲೆ ಅನುಮಾನ ಪಡುವುದು ಅವಳ ಜಾಯಮಾನದಲ್ಲೇ ಇಲ್ಲ.

ಓಟ ಕುಂಟತೊಡಗಿತು. ನಿಲ್ಲುವುದು, ಪಾದ ಕೊಡವುವುದು, ಮತ್ತೆ ನಾಲ್ಕು ಹೆಜ್ಜೆ. ಅಷ್ಟರಲ್ಲಿ ಇನ್ನೊಂದು ಸಂಕಟ ಸೇರಿಕೊಂಡಿತು. ಈಜುಕೊಳದ ಕೋಚ್ ಒಬ್ಬಳು ದಿನಾ ಗಾಳಿಯ ಹಾಗೆ ಅವರನ್ನು ದಾಟಿ ಹೋಗುತ್ತಿದ್ದಳು. ಕಿರಿಯವಳು ಈಗೀಗ ಮುಂದೆ ಓಡಿ ಅವಳ ಜೊತೆ ಏನೋ ಗುಸುಗುಸು ಮಾತಾಡಿ ಬರುತ್ತಿದ್ದಳು. ಸರಿ, ಜೋಡಿ ಸಿಕ್ಕಿತು ಇವಳಿಗೆ, ಈ ಕುಂಟೆತ್ತು ಯಾಕೆ ಬೇಕು ಎಂದುಕೊಂಡಾಗ ಹಿರಿಯವಳಿಗೆ ನಿಜಕ್ಕೂ ಅಳು ಬಂದಿತು.

ಆ ಬೆಳಗ್ಗೆ ಸೇತುವೆಯ ಬಳಿ ಪಾದ ಪೂರ್ತಿ ಮರಗಟ್ಟಿತು. ಅವಳು ಬೆಂಚಿನ ಮೇಲೆ ಧೊಪ್ಪನೆ ಕೂತಳು.

"ನೀನು ಹೋಗೇ. ನಾಳೆಯಿಂದ ಆ ಕೋಚ್ ಜೊತೇನೇ ಓಡು. ನನ್ನ ಕಾಯ್ತಾ ನಿಂತ್ಕೋಬೇಡ."

"ಅವಳ ಜೊತೆ ಓಡಿದ್ರೆ ನನ್ನ ಹೆಣ ಮನೆಗೆ ಬರುತ್ತೆ ಅಷ್ಟೆ. ನಗೋಕೂ ಬರಲ್ಲ ಅವಳಿಗೆ." ಕಿರಿಯವಳು ಮಂಡಿಯೂರಿ ಅಕ್ಕನ ಲೇಸ್ ಬಿಚ್ಚತೊಡಗಿದಳು. "ನಿಮ್ಮ ಕಾಲಿಗೆ ಏನು ಮಾಡೋದು ಅಂತ ಕೇಳೋಕೆ ಹೋಗ್ತಿದ್ದೆ ಕಣಕ್ಕ. ಶೂ ಬಿಗಿ ಇರುತ್ತೆ ನೋಡು, ಓಡುವಾಗ ಪಾದ ಊದುತ್ತೆ ಅಂತ ಒಂದೇ ಸಮ ಹೇಳ್ತಾಳೆ. ಅಯ್ಯೋ, ಅದಕ್ಕೇ ಅಂತ ಒಂದು ಸೈಜ್ ದೊಡ್ಡದು ನಾನೇ ತಂದಿದೀನಿ, ಬಿಗಿಯಾಗೋಕೆ ಸಾಧ್ಯಾನೇ ಇಲ್ಲ ಅಂತ ನಿನ್ನೆ ಅವಳ ಹತ್ರ ಜಗಳಾನೇ ಆಡಿದೆ."

ಹಿರಿಯವಳು ಪಾದ ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು, ಆದರೆ ಶೂ ಆಗಲೇ ಓರಗಿತ್ತಿಯ ಕೈಯಲ್ಲಿತ್ತು. ಅವಳು ಒಳಗೆ ಬೆರಳು ಹಾಕಿದಳು, ಬೆಳಕಿಗೆ ಹಿಡಿದಳು, ಮೂಗಿನ ಹತ್ತಿರ ತಂದು ನೋಡಿದಳು.

"ಇದೇನಕ್ಕಾ ಇದು?"

"ಫಿಟ್ಟಿಂಗ್" ಎಂದಳು ಟೈಲರಮ್ಮ, ಕೇಳಿಸಿಯೂ ಕೇಳಿಸದ ಹಾಗೆ.

"ಶೂಗೆ?"

"ಲೂಸಿತ್ತು."

ಕಿರಿಯವಳ ಮೂಗು ಕೆಂಪಗಾಯಿತು. ಮನೆಯಲ್ಲಾಗಿದ್ದರೆ ಅತ್ತೆ ಇಷ್ಟೊತ್ತಿಗೆ ಮಶೀನು ತೆಗೆದಿರುತ್ತಿದ್ದರು. ಆದರೆ ಇದು ಕೆರೆಯ ದಂಡೆ. ಅವಳು ಆ ಹೊಲಿಗೆಯನ್ನು ಇನ್ನೊಮ್ಮೆ ನೋಡಿದಳು. "ಎಷ್ಟು ಚೆನ್ನಾಗಿ ಹಾಳು ಮಾಡಿದೀರಿ ಅಕ್ಕ!" ಎಂದವಳೇ ನೆಲದ ಮೇಲೆ ಕೂತು ನಗತೊಡಗಿದಳು. ಹಿರಿಯವಳಿಗೂ ತಡೆಯಲಾಗಲಿಲ್ಲ. ಯಾವ ಗಿರಾಕಿಯನ್ನೂ ಅವಳು ಕೂರಿಸಿ ಅಳತೆ ತೆಗೆದವಳಲ್ಲ. ಒಂದು ತೋಳು ಅಳೆದು ಎರಡು ತೋಳು ಹೊಲಿದವಳಲ್ಲ. ತನ್ನ ಕಾಲಿನ ಸರದಿ ಬಂದಾಗ ಮಾತ್ರ ಕೂತು ಎಡಗಾಲೊಂದನ್ನೇ ಅಳೆದು, ಅದಕ್ಕಿಂತ ಒಂದು ನೂಲು ದಪ್ಪಗಿದ್ದ ಬಲಗಾಲನ್ನು ಮರೆತಿದ್ದಳು, ಬುದ್ಧಿ ಹುಲ್ಲು ಮೇಯಲು ಹೋಗಿತ್ತು! ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕ ರಭಸಕ್ಕೆ, ಗಾಳಿಯಂತೆ ಬಂದ ಕೋಚ್ ಕೂಡ ಓಟ ನಿಲ್ಲಿಸಿ ನೋಡಿ, ಅರ್ಥವಾಗದೆ ಮುಂದೆ ಹೋದಳು.

ಅಂಗಡಿಯ ಬೀಗದ ಕೈ ಗೊಂಚಲಿನಲ್ಲಿ ದಾರ ಕತ್ತರಿಸುವ ಪುಟ್ಟ ಕತ್ತರಿ ಇತ್ತು. ಟೈಲರಮ್ಮ ಅಲ್ಲೇ ಕೂತು ತನ್ನ ಕೈಯ ಹೊಲಿಗೆಯನ್ನು ತಾನೇ ಟಕ್ ಟಕ್ ಎಂದು ಬಿಚ್ಚಿದಳು. ಜೀವ ಮರಳಿದ ಪಾದಕ್ಕೆ ಇರುವೆ ಹರಿದಂತಾಗಿ "ಅಮ್ಮಾ" ಎಂದಳು. ಆಮೇಲೆ ಐದು ಬೆರಳೂ ಶೂ ಒಳಗೆ ಕಾಲು ಚಾಚಿ ಮಲಗಿದವರಂತೆ ಆರಾಮಾದವು.

ಓಡಿದರು. ತೂಬು ಬಂತು, ಬೆರಳುಗಳಿದ್ದವು. ಸೇತುವೆ ಬಂತು, ಪಾದವಿತ್ತು. ಮನೆಗೆ ತಿರುಗುವ ರಸ್ತೆ ಬಂದಾಗ ಕಿರಿಯವಳು ಅಭ್ಯಾಸಬಲದಿಂದ ನಿಧಾನಿಸಿದಳು. ಹಿರಿಯವಳು ನಿಧಾನಿಸಲಿಲ್ಲ.

"ಅಕ್ಕಾ, ಮನೆ ಈ ಕಡೆ!"

"ಇನ್ನೊಂದು ಸುತ್ತು ಬಾರೇ. ನಿನ್ನ ಜೊತೆ ಮಾತಾಡೋದು ಬೇಕಾದಷ್ಟಿದೆ ನಂಗೆ."

"ಹಾಲು ಕಾಯಿಸೋರು ಯಾರು?"

"ಗಂಡಂದಿರಿಗೆ ಕೈಗೇನು ಜೋಮು ಹಿಡಿದಿದೆಯಾ?" ಎಂದು ಹಿಂತಿರುಗಿಯೂ ನೋಡದೆ ಕೂಗಿದಳು ಟೈಲರಮ್ಮ. ಹಿಂದಿನಿಂದ ಓರಗಿತ್ತಿಯ ನಗು, ಅದರ ಬೆನ್ನಿಗೇ ಅವಳ ಹೆಜ್ಜೆಯ ಸದ್ದು, ಹತ್ತಿರ ಹತ್ತಿರ ಬಂದವು.